ಮಣ್ಣಿನ ಕೆಂಪು, ಅಲೆಯ ನೀಲಿ

ಕೂಡ್ಲಿಗಿ ಕಡೆಯ ಮಸಾರಿ ಮಣ್ಣನ್ನು ಪೊಟ್ಟಣ ಕಟ್ಟಿ ಬೆಂಗಳೂರಿಗೆ ಒಯ್ದರೂ ಅದು ಕೆಂಪಾಗಿಯೇ ಇರುತ್ತದೆ. ಒರಳಿಗೆ ಹಾಕಿ ಹಿಟ್ಟು ಮಾಡಿದರೂ ಕೆಂಪೇ. ಅದೇ ಹೊಲದ ಬದುವಿನಲ್ಲಿ, ಕರೆಂಟ್ ತಂತಿಯ ಮೇಲೆ ಕೂರುವ ನೀಲಕಂಠ ಹಕ್ಕಿಯ ಗರಿಯನ್ನು ಹೀಗೆ ಅರೆದರೆ ಉಳಿಯುವುದು ಕಂದು ಪುಡಿ. ನೀಲಿ ಎಲ್ಲಿ ಹೋಯಿತು ಎಂದು ಹುಡುಕಿ ಉಪಯೋಗವಿಲ್ಲ. ಅದು ಗರಿಯೊಳಗೆ ಒಂದು ವಸ್ತುವಾಗಿ ಇರಲೇ ಇಲ್ಲ.

ಬಣ್ಣಗಳಲ್ಲಿ ಹೀಗೆ ಎರಡು ಕುಲ. ಒಂದು ಕುಲದಲ್ಲಿ ವಸ್ತು ಬಿಸಿಲಿನ ಒಂದು ಪಾಲನ್ನು ನುಂಗಿ ಉಳಿದದ್ದನ್ನು ಹಿಂದಕ್ಕೆ ಕೊಡುತ್ತದೆ. ಇನ್ನೊಂದರಲ್ಲಿ ನುಂಗುವ ಮಾತೇ ಇಲ್ಲ. ಬೆಳಕು ಅಲೆಯಾಗಿರುವುದರಿಂದಲೇ, ಅದು ಹಾಯುವ ದಾರಿಯಲ್ಲಿ ಅಷ್ಟೇ ಸಣ್ಣ ಅಡ್ಡಿಗಳು ಸಿಕ್ಕಿದ್ದರಿಂದಲೇ ಬಣ್ಣ ಹುಟ್ಟುತ್ತದೆ. ಶಾಲೆಯ ಪುಸ್ತಕಗಳು ಮೊದಲನೆಯದನ್ನೇ ಪೂರ್ತಿ ಕತೆ ಎಂಬಂತೆ ಹೇಳಿ, ಎರಡನೆಯದನ್ನು ಆಕಾಶದ ನೀಲಿಗೆ ಮಾತ್ರ ಮೀಸಲಿಡುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿ ಒಂದು ಸುತ್ತು ಹಾಕಿದರೆ ಈ ಲೆಕ್ಕ ತಲೆಕೆಳಗು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕೆಂಪು, ಹಳದಿ, ಕಂದುಗಳು ಬಹುಮಟ್ಟಿಗೆ ವಸ್ತುವಿನವು. ಪ್ರಕೃತಿಯಲ್ಲಿ ಕಾಣುವ ನೀಲಿ ಮತ್ತು ಬಿಳಿ ಬಹುಮಟ್ಟಿಗೆ ಅಲೆಯವು.

ನಮ್ಮ ಕಣ್ಣಿಗೆ ತಾಗುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. 400ರ ಕಡೆ ನೇರಳೆ, 700ರ ಕಡೆ ಕೆಂಪು. ಒಂದು ತಲೆಗೂದಲಿನ ಅಡ್ಡಗಲದಲ್ಲಿ ಹಸಿರು ಬೆಳಕಿನ ನೂರಕ್ಕೂ ಹೆಚ್ಚು ಅಲೆ ಸಾಲಾಗಿ ನಿಲ್ಲಬಲ್ಲವು. 1704ರಲ್ಲಿ ಪುಸ್ತಕ ಬರೆದ ನ್ಯೂಟನ್ ಬೆಳಕನ್ನು ಕಣವೆಂದ. ಸುಮಾರು ನೂರು ವರ್ಷದ ನಂತರ ಥಾಮಸ್ ಯಂಗ್ ಎರಡು ಕಿಂಡಿಗಳಿಂದ ಬಂದ ಬೆಳಕು ಒಂದನ್ನೊಂದು ಕೂಡಿ ಬೆಳಗುವುದನ್ನೂ ಕಳೆದು ಕತ್ತಲಾಗುವುದನ್ನೂ ತೋರಿಸಿ ಅಲೆಯೆಂದ. 1905ರಲ್ಲಿ ಐನ್‌ಸ್ಟೈನ್ ಕಣದ ಮಾತನ್ನು ಹೊಸ ರೂಪದಲ್ಲಿ ಮತ್ತೆ ಎತ್ತಿದ. ಆ ಜಗಳ ಇಲ್ಲಿ ಬೇಡ; ಕಣ್ಣಿಗೆ ಕಾಣುವ ಸಂಗತಿಗಳಿಗೆ ಅಲೆಯ ಲೆಕ್ಕವೇ ಸಾಕು.

ಮೊದಲು ಮಣ್ಣು. ಮಸಾರಿಯಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಅದರಲ್ಲೂ ಹೆಮಟೈಟ್. ಅದು ನೀಲಿ, ಹಸಿರು ಅಲೆಗಳನ್ನು ನುಂಗಿ ಕೆಂಪನ್ನು ಬಿಡುತ್ತದೆ. ಇಷ್ಟೇ ಆಗಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಮುಂಗಾರಿನ ಮೊದಲ ಹದ ಮಳೆ ಬಿದ್ದಾಗ ಅದೇ ಹೊಲ ಕಡುಗೆಂಪಾಗುತ್ತದೆ, ಪಕ್ಕದ ಎರೆಹೊಲ ಕಪ್ಪಿಗೆ ಕಪ್ಪಾಗುತ್ತದೆ. ನೀರಿಗೆ ಬಣ್ಣವಿಲ್ಲವಲ್ಲ, ಮಣ್ಣೇಕೆ ಕಪ್ಪಾಯಿತು? ಒಣ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಗಾಳಿಯಿಂದ ಕಣಕ್ಕೆ, ಕಣದಿಂದ ಗಾಳಿಗೆ ದಾಟುವಾಗೆಲ್ಲ ಬೆಳಕು ಜೋರಾಗಿ ಚದುರಿ ಬೇಗನೆ ಹೊರಗೆ ಬಂದುಬಿಡುತ್ತದೆ. ಗಾಳಿಯ ಜಾಗಕ್ಕೆ ನೀರು ಹೊಕ್ಕರೆ ಆ ಜೋರು ತಗ್ಗುತ್ತದೆ, ಏಕೆಂದರೆ ಬೆಳಕಿನ ವೇಗದ ಲೆಕ್ಕದಲ್ಲಿ ನೀರು ಗಾಳಿಗಿಂತ ಕಲ್ಲಿಗೆ ಹತ್ತಿರ. ಆಗ ಬೆಳಕು ಮಣ್ಣಿನೊಳಕ್ಕೆ ಇನ್ನಷ್ಟು ಇಳಿಯುತ್ತದೆ, ಇಳಿದಷ್ಟೂ ಹೆಮಟೈಟಿನ ಬಾಯಿಗೆ ಬೀಳುತ್ತದೆ. ಒದ್ದೆ ಬಟ್ಟೆ ಗಾಢವಾಗಿ ಕಾಣುವುದಕ್ಕೂ ಇದೇ ಕಾರಣ. ಹೀಗೆ, ಅಪ್ಪಟ ವಸ್ತುವಿನದೆನಿಸುವ ಕೆಂಪಿನಲ್ಲೂ ಅಲೆಯ ಪಾಲು ಇದೆ.

ಹಡಗಲಿಯ ಮಲ್ಲಿಗೆಯನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಭೌಗೋಳಿಕ ಗುರುತು ಪಡೆದ ಈ ಹೂವಿನ ಬಿಳುಪಿಗೆ ಬಿಳಿ ಬಣ್ಣ ಎಂಬ ವಸ್ತುವೇ ಇಲ್ಲ. ಒಂದು ಎಸಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಗಟ್ಟಿಯಾಗಿ ಒತ್ತಿ, ಆಮೇಲೆ ಕಿಟಕಿಗೆ ಹಿಡಿಯಿರಿ. ಒತ್ತಿದ ಕಡೆ ಬಿಳುಪು ಹೋಗಿ ಎಣ್ಣೆ ಸವರಿದ ಕಾಗದದ ಹಾಗೆ ಪಾರದರ್ಶಕವಾಗಿರುತ್ತದೆ. ಎಸಳಿನ ಕೋಶಗಳ ನಡುವೆ ಗಾಳಿಯ ಸಣ್ಣ ಸಣ್ಣ ಸಂದುಗಳಿದ್ದವು. ಅವು ಎಲ್ಲ ಅಲೆಗಳನ್ನೂ ಭೇದವಿಲ್ಲದೆ ಚದುರಿಸುತ್ತಿದ್ದವು. ಎಲ್ಲವೂ ಸೇರಿ ಬಂದದ್ದು ಬಿಳಿಯಾಗಿ ಕಂಡಿತು. ಒತ್ತಿದಾಗ ಗಾಳಿ ಹೊರಬಿತ್ತು, ಕೋಶರಸ ಆ ಜಾಗ ತುಂಬಿತು. ಹೂ ಕಟ್ಟುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಬೆರಳು ತಾಗಿ ನಲುಗಿದ ಮೊಗ್ಗನ್ನು ಅವರು ಮಾಲೆಗೆ ಸೇರಿಸದೆ ಪಕ್ಕಕ್ಕೆ ತಳ್ಳುತ್ತಾರೆ.

ಇನ್ನು ಆಕಾಶ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಬಹಳ ಚಿಕ್ಕವು. ಅಂಥ ಚಿಕ್ಕ ಅಡ್ಡಿಗಳು ಗಿಡ್ಡ ಅಲೆಯನ್ನು ಹೆಚ್ಚು, ಉದ್ದ ಅಲೆಯನ್ನು ಕಡಿಮೆ ಚದುರಿಸುತ್ತವೆ ಎಂದು ಲಾರ್ಡ್ ರೇಲಿ 1871ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. ಅಂದರೆ 400ರ ಅಲೆ 700ರ ಅಲೆಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಚದುರುತ್ತದೆ. ಹಾಗಿದ್ದರೆ ಆಕಾಶ ನೇರಳೆಯಾಗಿರಬೇಕಿತ್ತಲ್ಲ ಎಂದು ಚುರುಕಾದ ಹುಡುಗಿಯೊಬ್ಬಳು ತರಗತಿಯಲ್ಲಿ ಕೇಳಿದರೆ ಬಹಳಷ್ಟು ಮೇಷ್ಟ್ರುಗಳು ಗಂಟೆ ನೋಡುತ್ತಾರೆ. ಪ್ರಶ್ನೆ ಸರಿಯಾದದ್ದೇ. ಸೂರ್ಯನ ಬೆಳಕಿನಲ್ಲೇ ನೇರಳೆ ಕಡಿಮೆ, ಅದರಲ್ಲೂ ಸ್ವಲ್ಪ ಪಾಲು ಮೇಲೆಯೇ ಹೀರಿಹೋಗುತ್ತದೆ, ಉಳಿದದ್ದಕ್ಕೆ ನಮ್ಮ ಕಣ್ಣು ಮಂದ. ಚದುರಿ ಬಂದ ನೇರಳೆ, ನೀಲಿ, ಹಸಿರುಗಳ ಮಿಶ್ರಣಕ್ಕೆ ಕಣ್ಣು ಕೊಡುವ ಒಟ್ಟು ತೀರ್ಪು ನೀಲಿ. ಅಂದರೆ ಆಕಾಶದ ಬಣ್ಣದಲ್ಲಿ ಅರ್ಧ ಕೆಲಸ ಗಾಳಿಯದು, ಅರ್ಧ ನಮ್ಮದು.

ಏಪ್ರಿಲ್ ತಿಂಗಳಲ್ಲಿ ಈ ಸೀಮೆಯ ಆಕಾಶ ನೀಲಿಯೂ ಅಲ್ಲ, ತೊಳೆದ ಸುಣ್ಣದ ಬಣ್ಣ. ಧೂಳಿನ ಕಣಗಳು ಅಲೆಯಷ್ಟೇ ಅಥವಾ ಅದಕ್ಕಿಂತ ದೊಡ್ಡವು. ಅವಕ್ಕೆ ನೀಲಿ ಕೆಂಪು ಎಂಬ ಪಕ್ಷಪಾತವಿಲ್ಲ. ಒಂದೆರಡು ಒಳ್ಳೆಯ ಮಳೆ ಧೂಳನ್ನು ನೆಲಕ್ಕಿಳಿಸಿದ ಮೇಲೆಯೇ ರೇಲಿಯ ನೀಲಿ ಕಾಣಿಸಿಕೊಳ್ಳುವುದು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಯಾರೂ ಭೌತಶಾಸ್ತ್ರವೆಂದು ಓದುವುದಿಲ್ಲ, ಆದರೆ ಅದನ್ನು ಅಳೆಯಬಹುದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ಹತ್ತು ಕಿಲೋಮೀಟರ್ ದೂರದಿಂದ ನೋಡಿದಿರಿ ಎನ್ನಿ. ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಹತ್ತು ಕಿಲೋಮೀಟರಿಗೆ ಅದು ಸುಮಾರು ಮೂರು ಮೀಟರ್. ಅದಕ್ಕಿಂತ ಚಿಕ್ಕ ಬಂಡೆ, ಪೊದೆ, ಮೆಟ್ಟಿಲು ಎಲ್ಲವೂ ಒಂದರೊಳಗೊಂದು ಕರಗಿ ಬೆಟ್ಟ ನುಣ್ಣಗಾಗುತ್ತದೆ. ಈ ಮಿತಿಗೆ ಕಣ್ಣಿನ ಪರದೆಯನ್ನಷ್ಟೇ ದೂರಬೇಕಿಲ್ಲ. ಬಿಸಿಲಿನಲ್ಲಿ ಪಾಪೆ ಎರಡೂವರೆ ಮಿಲಿಮೀಟರಿಗೆ ಕಿರಿದಾಗುತ್ತದೆ. ಅಷ್ಟು ಸಣ್ಣ ರಂಧ್ರದಲ್ಲಿ ತೂರಿದ ಅಲೆ ವಿವರ್ತನೆಯಿಂದ ಅಗಲವಾಗಿ ಹರಡಲೇಬೇಕು. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಆ ಹರಡುವಿಕೆಯೂ ಹೆಚ್ಚುಕಡಿಮೆ ಅದೇ ಅರವತ್ತನೇ ಒಂದು ಭಾಗಕ್ಕೆ ಬರುತ್ತದೆ. ಪರದೆಯಲ್ಲಿ ಇನ್ನಷ್ಟು ದಟ್ಟವಾಗಿ ಕೋಶಗಳಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ಚದುರಿಸಿದ ನೀಲಿ ಬೆಳಕು ಇದರ ಮೇಲೆ ಬಂದು ಕೂರುತ್ತದೆ, ನುಣ್ಣನೆಯ ಬೆಟ್ಟ ನೀಲಿಯೂ ಆಗುತ್ತದೆ.

ಬಿಸಿಲ್ಗುದುರೆ, ಕಾಮನಬಿಲ್ಲುಗಳ ಬಗ್ಗೆ ಎಲ್ಲ ಪುಸ್ತಕಗಳೂ ಬರೆದಿರುವುದರಿಂದ ಬೇಗ ಮುಗಿಸುತ್ತೇನೆ. ಕೂಡ್ಲಿಗಿಯ ಮೇಲೆ ಹೊಸಪೇಟೆಗೆ ಹೋಗುವ ಹೆದ್ದಾರಿ 50ರಲ್ಲಿ ಮಧ್ಯಾಹ್ನ ಕಾಣುವ ನೀರು ಆಕಾಶದ ಬೆಳಕು. ಡಾಂಬರಿನ ಮೇಲಿನ ಕಾದ, ತೆಳುವಾದ ಗಾಳಿಯಲ್ಲಿ ಅದು ಮೇಲಕ್ಕೆ ಬಾಗಿ ಕಣ್ಣಿಗೆ ಬರುತ್ತದೆ. ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋಗಿದ್ದ ಗಣಿತಜ್ಞ ಗಾಸ್ಪಾರ್ ಮಾಂಜ್ ಮರಳುಗಾಡಿನಲ್ಲಿ ಸೈನಿಕರು ಮೋಸಹೋದದ್ದನ್ನು ಕಂಡು ಇದನ್ನು ವಿವರಿಸಿದ. ಕಾಮನಬಿಲ್ಲು ಸೂರ್ಯನಿಗೆ ಎದುರು ದಿಕ್ಕಿನ ಬಿಂದುವಿನಿಂದ 42 ಡಿಗ್ರಿಯ ಸುತ್ತಿನಲ್ಲಿ ಮೂಡುತ್ತದೆ. ಆದ್ದರಿಂದ ಹೊತ್ತು 42 ಡಿಗ್ರಿಗಿಂತ ಮೇಲಿದ್ದರೆ ಬಯಲಿನಲ್ಲಿ ನಿಂತವನಿಗೆ ಅದು ಕಾಣದು. ಸಂಜೆ ಮಳೆಯೇ ಹೆಚ್ಚಾದ ಈ ಕಡೆ ಅದು ಮೂಡಣದಲ್ಲಿ ಕಾಣುವುದೇ ವಾಡಿಕೆ.

ನೀರಿನ ಬಣ್ಣದ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಅಲ್ಲಿ ದೊಡ್ಡವರ ನಡುವೆಯೇ ಭಿನ್ನಾಭಿಪ್ರಾಯವಿತ್ತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಎಂದು ರೇಲಿ ಬಗೆದಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅದನ್ನು ಒಪ್ಪಲಿಲ್ಲ. ಅವರ ಬಳಿ ಒಂದು ನಿಕೋಲ್ ಪಟ್ಟಕವಿತ್ತು. ಬೆಳಕಿನ ಅಲೆ ಮೇಲೆಕೆಳಗೆ ಆಡಬಹುದು, ಅಕ್ಕಪಕ್ಕ ಆಡಬಹುದು; ಪಟ್ಟಕ ಇವೆರಡರಲ್ಲಿ ಒಂದನ್ನಷ್ಟೇ ಹಾಯಬಿಡುತ್ತದೆ. ನೀರಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕಿನಲ್ಲಿ ಅಕ್ಕಪಕ್ಕದ ಆಟವೇ ಹೆಚ್ಚು. ಒಂದು ಕೋನದಲ್ಲಿ ಅದೊಂದೇ ಉಳಿಯುತ್ತದೆ; ನೀರಿಗೆ ಆ ಕೋನ ಲಂಬದಿಂದ ಸುಮಾರು 53 ಡಿಗ್ರಿ. ಆ ಕೋನದಲ್ಲಿ ಪಟ್ಟಕವನ್ನು ತಿರುಗಿಸಿ ರಾಮನ್ ಆಕಾಶದ ಪ್ರತಿಬಿಂಬವನ್ನು ಅಳಿಸಿಹಾಕಿದರು. ಸಮುದ್ರ ಇನ್ನೂ ನೀಲಿಯಾಗಿಯೇ ಇತ್ತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಈ ಜಾಡು ಹಿಡಿದೇ ಅವರು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ, ಅದರಿಂದ 1930ರ ನೊಬೆಲ್‌ಗೆ ತಲುಪಿದರು. ಪ್ರತಿ ವಿಜ್ಞಾನ ದಿನದಂದು ಶಾಲೆಗಳಲ್ಲಿ ಹೇಳುವ ಕತೆ ಇಲ್ಲಿಗೆ ನಿಲ್ಲುತ್ತದೆ. ನಿಲ್ಲಬಾರದು. ಆಳ ನೀರಿನ ನೀಲಿಗೆ ಚದುರುವಿಕೆಗಿಂತ ದೊಡ್ಡ ಕಾರಣ ಈಗ ಗೊತ್ತಿದೆ: ನೀರಿನ ಅಣು ಕೆಂಪು ಬೆಳಕನ್ನು ತುಸುತುಸುವೇ ಹೀರುತ್ತದೆ. ಲೋಟದಲ್ಲಿ ಗೊತ್ತಾಗದು, ಹಲವು ಮೀಟರ್ ಆಳದಲ್ಲಿ ಗೊತ್ತಾಗುತ್ತದೆ. ಪ್ರತಿಬಿಂಬದ ವಾದವನ್ನು ರಾಮನ್ ಬೀಳಿಸಿದ್ದು ಸರಿ. ಪೂರ್ತಿ ಉತ್ತರ ಮಾತ್ರ ಅವರದೊಂದೇ ಅಲ್ಲ.

ರಾಮನ್ನರ ಪರೀಕ್ಷೆಯನ್ನು ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ, ಹಗರಿಬೊಮ್ಮನಹಳ್ಳಿ ಕಡೆಯಾಗಲಿ ಹಡಗಲಿ ಕಡೆಯಾಗಲಿ, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಯಾರೂ ಮಾಡಬಹುದು. ಬರಿಗಣ್ಣಿಗೆ ನೀರು ನೀಲಿ. ಕನ್ನಡಕದಲ್ಲಿ ಆ ನೀಲಿಯ ಹಾಳೆ ಸರಿದು ಕೆಳಗಿನ ಹಸಿರು, ಕಂದು ಮೇಲೆ ಬರುತ್ತವೆ. ತಲೆಯನ್ನು ಹೆಗಲಿಗೆ ವಾಲಿಸಿದರೆ ನೀಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹೂಳು, ಪಾಚಿ ತುಂಬಿದ ಈ ನೀರಿನ ನೀಲಿ ಬಹುಪಾಲು ಆಕಾಶದ್ದೇ. ರೇಲಿ ಸಮುದ್ರದಲ್ಲಿ ಸೋತರೂ ಇಲ್ಲಿ ಗೆಲ್ಲುತ್ತಾರೆ.

ಅಲೆ ಹೀಗೆ ಒಂದೇ ದಿಕ್ಕಿಗೆ ಆಡುವುದು, ಅಂದರೆ ಧ್ರುವೀಕರಣ, ನಮಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ ಎಂದರೂ ನಡೆಯುತ್ತದೆ. ಜೇನುಹುಳು ಆಕಾಶದ ಧ್ರುವೀಕೃತ ಬೆಳಕನ್ನು ನೋಡಿ ದಿಕ್ಕು ಹಿಡಿಯುತ್ತದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಶ್ 1940ರ ದಶಕದ ಕೊನೆಗೆ ತೋರಿಸಿದರು. ನೀರಿನಲ್ಲಿ ಮೊಟ್ಟೆಯಿಡುವ ಹಲವು ಕೀಟಗಳು ಕೆರೆಯನ್ನು ಗುರುತಿಸುವುದೇ ಅಡ್ಡಲಾಗಿ ಆಡುವ ಆ ಬೆಳಕಿನಿಂದ. ಸೋಲಾರ್ ಫಲಕವೂ ಅದೇ ಬೆಳಕನ್ನು ಕೊಡುವುದರಿಂದ ಕೆಲವು ಕೀಟಗಳು ಅದನ್ನೇ ನೀರೆಂದು ನಂಬಿ ಅದರ ಮೇಲೆ ಮೊಟ್ಟೆ ಇಡುವುದು ದಾಖಲಾಗಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪಂಚರತ್ನಂ ಎಂಬ ತರುಣ 1956ರಲ್ಲಿ ಧ್ರುವೀಕೃತ ಅಲೆಗಳ ಬಗ್ಗೆ ಬರೆದ ಪ್ರಬಂಧ ಎಷ್ಟು ದೊಡ್ಡದೆಂದು ಜಗತ್ತು ಅರಿತದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ವರ್ಷಗಳೇ ಆಗಿದ್ದವು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನೀರೊಳಗೆ ಮುಳುಗಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ಮೇಲಿನಿಂದ ನೋಡಿದಾಗ ಮೀನು ನಿಜವಾದ ಆಳದ ಮುಕ್ಕಾಲು ಪಾಲಿನಲ್ಲೇ ಇದ್ದಂತೆ ತೋರುತ್ತದೆ. ಬಕಗಳು ಈ ವಕ್ರೀಭವನವನ್ನು ಲೆಕ್ಕ ಹಿಡಿದೇ ಕುಕ್ಕುತ್ತವೆ ಎಂದು ಅವುಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಬಣ್ಣದ ಕೊಕ್ಕರೆಗೆ ಆ ತಲೆನೋವೇ ಇಲ್ಲ. ಅದು ಬಾಯಿ ತೆರೆದು ಕೊಕ್ಕನ್ನು ನೀರಲ್ಲಿಟ್ಟು, ಮೀನು ತಾಗಿದೊಡನೆ ಮುಚ್ಚಿಕೊಳ್ಳುತ್ತದೆ. ಕೆಸರು ನೀರಿನಲ್ಲಿ ಕಣ್ಣಿಗಿಂತ ಸ್ಪರ್ಶವೇ ಮೇಲು.

ನೀಲಕಂಠದ ಗರಿಯ ವಿಚಾರವನ್ನು ಅರ್ಧಕ್ಕೆ ಬಿಟ್ಟಿದ್ದೆ. ಕರ್ನಾಟಕದ ರಾಜ್ಯಪಕ್ಷಿಯಾದ ಇದು ಕೂತಾಗ ಮಂಕು ಕಂದು, ರೆಕ್ಕೆ ಬಿಚ್ಚಿದಾಗ ಎರಡು ಬಗೆಯ ನೀಲಿ. ಹಕ್ಕಿಗರಿಯ ಇಂಥ ನೀಲಿಯೂ ಆಕಾಶದ ನೀಲಿಯ ಹಾಗೆ ಬಿಡಿಬಿಡಿ ಕಣಗಳು ಚದುರಿಸಿದ್ದೇ ಎಂದು 19ನೇ ಶತಮಾನದಿಂದ ನಂಬಿದ್ದರು. 1933ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ರಾಮನ್, ಮರುವರ್ಷ ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಇದನ್ನು ಪ್ರಶ್ನಿಸಿದರು. ಅವರು ಎತ್ತಿಕೊಂಡ ಹಕ್ಕಿ ಇದೇ ನೀಲಕಂಠ. ಬೆಳಕು ಒಂದೇ ದಿಕ್ಕಿನಿಂದ ಬಿದ್ದಾಗ ನೋಡುವ ಕೋನಕ್ಕೆ ತಕ್ಕಂತೆ ಗರಿಯ ಬಣ್ಣ ಸರಿಯುವುದನ್ನು ಅವರು ಗಮನಿಸಿದರು. ಬರೀ ಚದುರುವಿಕೆಯಾಗಿದ್ದರೆ ಹಾಗೆ ಸರಿಯಬಾರದು. ಗರಿಯೊಳಗಿನ ರಚನೆಯಲ್ಲಿ ಕ್ರಮವಿದೆ, ಅಲೆಗಳು ಒಂದಕ್ಕೊಂದು ಕೂಡಿ ಕಳೆದು ಬಣ್ಣ ಕಟ್ಟುತ್ತಿವೆ ಎಂಬುದು ಅದರ ಅರ್ಥ. ಹಕ್ಕಿಶಾಸ್ತ್ರದವರು ಬಹುಕಾಲ ಹಳೆಯ ವಿವರಣೆಯನ್ನೇ ಮುಂದುವರಿಸಿದರು. 1998ರಲ್ಲಿ ಅಮೆರಿಕದ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ ಒಂದು ನೀಲಿ ಹಕ್ಕಿಯ ಗರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದು, ಕೆರಾಟಿನ್ ಮತ್ತು ಗಾಳಿಯ ಸ್ಪಂಜಿನಂಥ ಹೆಣಿಗೆಯಲ್ಲಿ ಅಂಥ ಕ್ರಮ ಇರುವುದನ್ನು ತೋರಿಸಿದರು. ರಾಮನ್ನರ ಈ ಸಾಧನೆಗೆ ನಮ್ಮ ಪಠ್ಯಗಳಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ವಿಚಿತ್ರವೆನಿಸುತ್ತದೆ. ಉದುರಿದ ಗರಿ ಸಿಕ್ಕರೆ ಸೂರ್ಯನಿಗೆ ಅಡ್ಡ ಹಿಡಿದು ನೋಡಿ: ಮುಂದಿನಿಂದ ನೀಲಿ, ಹಿಂದಿನಿಂದ ಬೆಳಕು ತೂರಿದಾಗ ಮಂಕು ಕಂದು. ಗಿಳಿಯ ಹಸಿರಿನಲ್ಲಂತೂ ಎರಡು ಕುಲಗಳ ಮದುವೆಯೇ ಆಗಿದೆ: ರಚನೆಯ ನೀಲಿಯ ಮೇಲೆ ಹಳದಿ ಬಣ್ಣವಸ್ತು.

ಹೊಳಪೂ ಅಲೆಯ ಉದ್ದದ ಪ್ರಶ್ನೆಯೇ. ಮೇಲ್ಮೈಯ ಉಬ್ಬುತಗ್ಗು ಅಲೆಯ ಉದ್ದಕ್ಕಿಂತ ಸಾಕಷ್ಟು ಚಿಕ್ಕದಾದರೆ ಅದು ಕನ್ನಡಿ, ಇಲ್ಲದಿದ್ದರೆ ಗೋಡೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಕಂಬಗಳನ್ನು ತಿರುಗಿಸಿ ಕಡೆದು ನಯಗೊಳಿಸಿದ ಶಿಲ್ಪಿಗಳು ಮೆದು ಕಲ್ಲನ್ನು ಆ ಗಡಿಯ ಹತ್ತಿರಕ್ಕೆ ತಂದರು. ತಾಂಡಾಗಳ ಲಂಬಾಣಿ ಹೆಂಗಸರ ಪೇಟಿಯಾ, ಕಾಂಚಳಿಗಳಲ್ಲಿ ಹೊಲಿದ ಕನ್ನಡಿಚೂರುಗಳು ಅದನ್ನು ದಾಟಿದಂಥವು. ಒರಟು ಬಟ್ಟೆ ಬಿಸಿಲನ್ನು ಎಲ್ಲ ಕಡೆ ಹಂಚಿದರೆ, ಕನ್ನಡಿ ಒಂದೇ ದಿಕ್ಕಿಗೆ ಎಸೆಯುತ್ತದೆ. ಅರ್ಧ ಮೈಲಿಯಿಂದಲೂ ಅದರ ಮಿಂಚು ಕಣ್ಣಿಗೆ ಬೀಳುವುದು ಅದಕ್ಕೇ.

ಇದುವರೆಗಿನದು ಕಣ್ಣಿನ ಹೊರಗಿನ ವ್ಯವಹಾರ. ಒಳಗಿನದನ್ನು ಬಿಟ್ಟರೆ ಪ್ರಶ್ನೆ ಅರ್ಧವೇ. ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂಬ ಮಾತು ಕೊಟ್ಟೂರು ಸುತ್ತ ಎಲ್ಲರ ಬಾಯಲ್ಲಿದೆ. ಉಜ್ಜಿನಿಯ ಗುಡಿಯೊಳಗಿನ ಕೆತ್ತನೆ ಅಂಥದ್ದು. ಆದರೆ ಮಧ್ಯಾಹ್ನದ ಬಿಸಿಲಿನಿಂದ ನೇರ ಒಳಹೊಕ್ಕು ಎರಡು ನಿಮಿಷದಲ್ಲಿ ಹೊರಬಂದವನು ಉಜ್ಜಿನಿ ನೋಡಿದಂತಲ್ಲ. ಬೆಳಕಿನಲ್ಲಿ ದುಡಿಯುವುದು ಶಂಕುಕೋಶಗಳು, ಮಬ್ಬಿನಲ್ಲಿ ದಂಡಕೋಶಗಳು. ದಂಡಕೋಶಗಳು ಪೂರ್ತಿ ಎಚ್ಚರಗೊಳ್ಳಲು ಅರ್ಧ ಗಂಟೆ ಹತ್ತಿರ ಬೇಕು. ಶಂಕುಕೋಶಗಳ ಒಟ್ಟು ಚುರುಕು 555 ನ್ಯಾನೋಮೀಟರಿನ ಹಳದಿಹಸಿರಿಗೆ ಹೆಚ್ಚು, ದಂಡಕೋಶಗಳದ್ದು 507ರ ಸುಮಾರಿನ ನೀಲಿಹಸಿರಿಗೆ. ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಮುಸ್ಸಂಜೆ ಮಸಾರಿ ಹೊಲ ಮೊದಲು ಕಪ್ಪಾಗಿ, ಬೇಲಿಯ ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುವುದು ಇದರಿಂದ. 19ನೇ ಶತಮಾನದ ಮೊದಲಲ್ಲಿ ಇದನ್ನು ಗುರುತಿಸಿದ ಪುರ್ಕಿನ್ಯೆಯ ಹೆಸರೇ ಈ ಪಲ್ಲಟಕ್ಕೆ ಬಂದಿದೆ.

ಶಂಕುಕೋಶಗಳಲ್ಲಿ ಮೂರು ಬಗೆ. ಸುಮಾರು 420, 530, 560 ನ್ಯಾನೋಮೀಟರಿಗೆ ಅವುಗಳ ಶಿಖರ. ರಾಮನ್ ಇಳಿವಯಸ್ಸಿನಲ್ಲಿ ಹೂಗಳ ಬಣ್ಣ, ದೃಷ್ಟಿಗಳ ಬೆನ್ನುಹತ್ತಿ 1968ರಲ್ಲಿ ದೃಷ್ಟಿಯ ಕುರಿತು ಪುಸ್ತಕವನ್ನೇ ಬರೆದರು, ಈ ಮೂರರ ಸಿದ್ಧಾಂತವನ್ನು ಮಾತ್ರ ಒಪ್ಪಲಿಲ್ಲ. ಅಷ್ಟು ಹೊತ್ತಿಗಾಗಲೇ, 1964ರಲ್ಲಿ, ಅಮೆರಿಕದ ಪ್ರಯೋಗಾಲಯಗಳು ಒಂದೊಂದೇ ಕೋಶದ ಮೂಲಕ ಬೆಳಕು ಹಾಯಿಸಿ ಮೂರನ್ನೂ ಅಳೆದಾಗಿತ್ತು. ಸಮುದ್ರದಲ್ಲಿ, ಗರಿಯಲ್ಲಿ ರೂಢಿಯ ಮಾತನ್ನು ಒಪ್ಪದೆ ಗೆದ್ದವರು ಇಲ್ಲಿ ಅದೇ ಹಟದಿಂದ ಸೋತರು.

ಮೂರೇ ಬಗೆ ಎಂಬುದರ ಪರಿಣಾಮವನ್ನು ನೋಡಲು ಕೊಟ್ಟೂರಿನದೋ ಹರಪನಹಳ್ಳಿಯದೋ ಯಾವುದಾದರೂ ಮ್ಯಾಚಿಂಗ್ ಅಂಗಡಿಗೆ ಹೋಗಬೇಕು. ಸೀರೆಗೆ ಒಪ್ಪುವ ಬ್ಲೌಸ್ ಪೀಸ್ ಹುಡುಕುತ್ತಿರುವ ಹೆಂಗಸು ಗಲ್ಲಾಪೆಟ್ಟಿಗೆಯ ಮುಂದೆ ಎರಡನ್ನೂ ಜೋಡಿಸಿ ನೋಡಿ, ತಲೆಯಾಡಿಸುತ್ತಾಳೆ. “ಅಣ್ಣಾರ, ಒಂಚೂರು ಹೊರಗ ಬೆಳಕಿಗೆ ಹಿಡಿದು ನೋಡ್ತೀನಿ.” “ಎರಡೂ ಒಂದ ಕಲರ್ ಅದಾವು ನೋಡ್ರಿ ಅಕ್ಕಾರ.” ಹೊಸ್ತಿಲಾಚೆ ಹಿಡಿದರೆ ಒಂದು ಮರೂನು, ಇನ್ನೊಂದು ಇಟ್ಟಿಗೆ. ಅಂಗಡಿಯವನು ಸುಳ್ಳು ಹೇಳಿಲ್ಲ. ನೂರಾರು ತರಂಗಾಂತರಗಳ ಬೆಳಕನ್ನು ಕಣ್ಣು ಮೂರೇ ಸಂಖ್ಯೆಗಳಿಗೆ ಇಳಿಸುತ್ತದೆ. ಎರಡು ಬೇರೆ ಬಣ್ಣದ್ರವ್ಯಗಳು ಒಂದು ದೀಪದಡಿ ಅದೇ ಮೂರು ಸಂಖ್ಯೆ ಕೊಡಬಹುದು, ದೀಪ ಬದಲಾದೊಡನೆ ಬೇರೆಯಾಗಬಹುದು. ಹಕ್ಕಿಗಳಲ್ಲಿ ನಾಲ್ಕು ಬಗೆಯ ಶಂಕುಕೋಶಗಳಿವೆ, ಹಲವಕ್ಕೆ ಅತಿನೇರಳೆಯೂ ಕಾಣುತ್ತದೆ. ಅವುಗಳ ಪೇಟೆಯಲ್ಲಿ ಮ್ಯಾಚಿಂಗ್ ಇನ್ನೂ ಕಷ್ಟ.

ಅಂಗಡಿಯ ದೀಪ ಈಗ ಹೆಚ್ಚಾಗಿ ಎಲ್‌ಇಡಿ. 2014ರ ನೊಬೆಲ್ ತಂದ ನೀಲಿ ಎಲ್‌ಇಡಿಯ 450 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ ಹಳದಿ ಬೆಳಕು ಕೊಡುವ ಲೇಪ ಸೇರಿಸಿ ಅದನ್ನು ಬಿಳಿಯಾಗಿಸುತ್ತಾರೆ. ಅಗ್ಗದ ಬಲ್ಬಿನಲ್ಲಿ ಕಡುಗೆಂಪು ಅಲೆಗಳು ಕಡಿಮೆ. ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕವಿದೆ. ಬಿಸಿಲಿಗೆ 100, ಬೀದಿಯಲ್ಲಿದ್ದ ಹಳೆಯ ಹಳದಿ ಸೋಡಿಯಂ ದೀಪಕ್ಕೆ ಇಪ್ಪತ್ತರ ಮೇಲೆ ಸ್ವಲ್ಪ, ಸಾಮಾನ್ಯ ಎಲ್‌ಇಡಿಗೆ 80 ಸುಮಾರು. ಈ ಅಂಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದನ್ನು ಎಂಟು ತೆಳು ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಕಡುಗೆಂಪು ಆ ಎಂಟರಲ್ಲಿ ಇಲ್ಲ, ಅದಕ್ಕೆ ಆರ್9 ಎಂಬ ಬೇರೆ ಅಂಕ. 80 ಪಡೆದ ಬಲ್ಬೂ ಆರ್9ರಲ್ಲಿ ಸೊನ್ನೆಯ ಹತ್ತಿರ ಇರಬಲ್ಲದು. ಕುಂಕುಮ, ಮದುವೆ ಸೀರೆ, ಲಂಬಾಣಿ ಬಟ್ಟೆ ಎಲ್ಲವೂ ಕಡುಗೆಂಪಾದ ಈ ಪೇಟೆಗಳಲ್ಲಿ ಬಟ್ಟೆ ಅಂಗಡಿಯವರು ಬಲ್ಬು ಕೊಳ್ಳುವಾಗ ವಾಟ್ ಮತ್ತು ಬೆಲೆಯ ಜೊತೆ ಕೇಳಬೇಕಾದ ಸಂಖ್ಯೆ ಅದು. ಬಹುತೇಕ ಡಬ್ಬಿಗಳ ಮೇಲೆ ಅದನ್ನು ಅಚ್ಚು ಹಾಕಿರುವುದೇ ಇಲ್ಲ.